ಅಡ್ಡಿ ಇಲ್ಲ ಅಂದವರು ಯಾರು?

ಹೊಸ ಕಾದಂಬರಿಯೊಂದನ್ನು ಓದಿ ಮುಗಿಸಿದ ಮೇಲೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಯಾರಿಗಾದರೂ ಹೇಳಬೇಕು. ಚೆನ್ನಾಗಿದ್ದರೆ ಹೇಳಬೇಕು, ಚೆನ್ನಾಗಿಲ್ಲದಿದ್ದರೆ ಇನ್ನೂ ಜೋರಾಗಿ ಹೇಳಬೇಕು. ಹೇಳದೆ ಇಟ್ಟುಕೊಂಡರೆ ಹೊಟ್ಟೆ ಉಬ್ಬುತ್ತದೆ. ನಮ್ಮ ಕಡೆ ಮೆಟ್ರೋ ಬರುತ್ತದಂತೆ ಎಂದು ರಸ್ತೆ ಅಳೆಯುವವರು ಓಡಾಡುತ್ತಿದ್ದ ಆ ವರ್ಷಗಳಲ್ಲಿ ನನ್ನ ಈ ಕಾಯಿಲೆ ಮಿತಿಮೀರಿತ್ತು. ಕೇಳುವ ಕಿವಿ ಮಾತ್ರ ಒಂದೂ ಇರಲಿಲ್ಲ.

ನಮ್ಮ ಯಜಮಾನರದು ಹೊಸಹಳ್ಳಿಯ ಹಳೇ ಒಕ್ಕಲು ಮನೆತನ. ಅವರ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ನಮ್ಮ ಮನೆ, ಅದರ ಪಕ್ಕ ಮೂರು ಬಾಡಿಗೆ ಮನೆ. ಮನುಷ್ಯ ಬಂಗಾರ, ಆದರೆ ಪೇಪರಿನಲ್ಲಿ ಸೈಟಿನ ಜಾಹೀರಾತು ಬಿಟ್ಟು ಬೇರೆ ಅಕ್ಷರ ಓದುವವರಲ್ಲ. "ರೀ, ಈ ಕಾದಂಬರೀಲಿ ಏನಾಗುತ್ತೆ ಗೊತ್ತಾ?" ಅಂತ ನಾನು ಶುರು ಮಾಡಿದರೆ ಸಾಕು, "ಕೊನೇಲಿ ಸಾಯ್ತಾಳಾ? ಇಲ್ವಲ್ಲ? ಸರಿ, ಸಾರು ಹಾಕು" ಅನ್ನುತ್ತಿದ್ದರು. ನಾನು ಬೇಕೆಂದೇ ಸೌಟು ಕುಕ್ಕಿ ಸಾರು ಹಾಕುತ್ತಿದ್ದೆ.

ಇನ್ನು ಆಫೀಸು. ಮೆಜೆಸ್ಟಿಕ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಹದಿನೆಂಟು ವರ್ಷದಿಂದ ಗುಮಾಸ್ತೆ. ಕಡತ ಓದಿ, ಹಿಂದುಮುಂದೆಲ್ಲ ಕೆದಕಿ, ಎರಡು ಪುಟ ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸುವುದು ನನ್ನ ಕೆಲಸ. ಅವರು ಅದನ್ನು ಓದುವುದೇ ಇಲ್ಲ. ಕೆಳಗೆ "ಅಡ್ಡಿಯಿಲ್ಲ" ಎಂದು ಗೀಚಿ ಸಹಿ ಹಾಕಿ ವಾಪಸ್ ಕಳಿಸುತ್ತಾರೆ. ಎತ್ತು ಈದಿದೆ ಎಂದು ನಾನು ಬರೆದಿದ್ದರೂ ಕೊಟ್ಟಿಗೆಗೆ ಕಟ್ಟಲು ಅಡ್ಡಿಯಿಲ್ಲ ಎಂದೇ ಬರೆಯುವ ಜನ. ಬಂದ ಅಧಿಕಾರಿಗಳೆಲ್ಲ ಗಂಡಸರು, ಎಲ್ಲರ ಷರಾ ಒಂದೇ. ಆ ಪದ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ವಿಜಯನಗರದ ಸಣ್ಣ ಲೈಬ್ರರಿಯೊಂದರಲ್ಲಿ ನನಗೆ ಸಲಹಾ ಪುಸ್ತಕ ಸಿಕ್ಕಿತು. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಉದ್ದನೆಯ ರಿಜಿಸ್ಟರು, ಅದಕ್ಕೆ ದಾರ ಕಟ್ಟಿದ ಒಂದು ಪೆನ್ನು. "ಫ್ಯಾನ್ ಸದ್ದು ಮಾಡುತ್ತದೆ", "ಪದಬಂಧವನ್ನು ಯಾರೋ ಬೆಳಿಗ್ಗೆಯೇ ತುಂಬಿ ಹೋಗುತ್ತಾರೆ, ಅದೂ ತಪ್ಪು ತಪ್ಪಾಗಿ" ಎಂಬಂಥ ದೂರುಗಳು ಅದರಲ್ಲಿದ್ದವು. ಒಂದು ಭಾನುವಾರ ನಾನು ಪುಸ್ತಕ ಹಿಂತಿರುಗಿಸಲು ಹೋದವಳು, ತಡೆಯಲಾರದೆ ಅದೇ ಪೆನ್ನು ಎಳೆದುಕೊಂಡು ನಿಂತಲ್ಲೇ ಒಂದೂವರೆ ಪುಟ ಬರೆದುಬಿಟ್ಟೆ. ಲೈಬ್ರೇರಿಯನ್ನರು ಕನ್ನಡಕ ಮೇಲೆತ್ತಿ ನೋಡಿದರು. "ಏನ್ ಮೇಡಂ, ಅಷ್ಟೊಂದು ಕಂಪ್ಲೇಂಟಾ?" ಅಂದರು. ನಾನು "ಕಂಪ್ಲೇಂಟ್ ಲೇಖಕರ ಮೇಲೆ ಸಾರ್, ನಿಮ್ಮ ಮೇಲಲ್ಲ" ಅಂದೆ. ಅವರು ನಿಟ್ಟುಸಿರು ಬಿಟ್ಟು ಮುದ್ರೆ ಒತ್ತುವ ಕೆಲಸಕ್ಕೆ ಮರಳಿದರು.

ಆ ಮೊದಲ ಬರಹ ಒಂದು ಹಳೇ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಮುದುಕನ ಕಾದಂಬರಿಯ ಬಗ್ಗೆ. ಇಡೀ ಕಥೆ ಲಿಫ್ಟಿನೊಳಗೇ ನಡೆಯುತ್ತದೆ. ಯಾರ್‍ಯಾರೋ ಹತ್ತುತ್ತಾರೆ, ಇಳಿಯುತ್ತಾರೆ, ಅರ್ಧ ಮಾತು ಆಡಿ ಹೋಗುತ್ತಾರೆ. ಉಳಿದರ್ಧವನ್ನು ಮುದುಕ ತಾನೇ ಊಹಿಸಿಕೊಳ್ಳುತ್ತಾನೆ. ಎಂಥ ಉಪಾಯ! ನೂರು ಪುಟ ನಾನು ಉಸಿರು ಬಿಟ್ಟಿರಲಿಲ್ಲ. ಆಮೇಲೆ ಲೇಖಕರಿಗೆ ಏನಾಯಿತೋ, ಮುದುಕನ ಬಾಯಲ್ಲಿ ದೇಶ, ಕಾಲ, ನೀತಿ ಎಲ್ಲ ಹೇಳಿಸತೊಡಗಿದರು. "ಲಿಫ್ಟು ಐದನೇ ಮಹಡಿಯಲ್ಲಿ ಕೆಟ್ಟು ನಿಂತಿದೆ, ಲೇಖಕರು ಮಾತ್ರ ಭಾಷಣ ಮಾಡುತ್ತಲೇ ಇದ್ದಾರೆ" ಎಂದು ನಾನು ಬರೆದೆ. ಬರೆದು ಮುಗಿಸಿದಾಗ ಎಷ್ಟು ಹಗುರವಾಯಿತೆಂದರೆ, ಮನೆಗೆ ಹೋಗುವ ದಾರಿಯಲ್ಲಿ ಕಾರಣವಿಲ್ಲದೆ ಎರಡು ಮೊಳ ಮಲ್ಲಿಗೆ ಕೊಂಡೆ.

ನನಗೊಂದು ನಿಯಮವಿತ್ತು. ಕಥೆ ಹೇಳುತ್ತೇನೆ, ಕೊನೆ ಹೇಳುವುದಿಲ್ಲ. ಕೊನೆ ಹೇಳುವ ಓದುಗರನ್ನು ಕಂಡರೆ ನನಗಾಗದು. ಹಾಗಾಗಿ ಪ್ರತಿ ಬರಹವನ್ನೂ "ಮುಂದೇನಾಯಿತು ಎಂಬುದನ್ನು ನೀವೇ ಓದಿ" ಎಂದೇ ಮುಗಿಸುತ್ತಿದ್ದೆ.

ಮುಂದಿನ ಭಾನುವಾರ ಹೋಗಿ ನೋಡಿದರೆ ನನ್ನ ಬರಹದ ಕೆಳಗೆ ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ, ಎರಡೇ ಪದ: "ಅಡ್ಡಿ ಇಲ್ಲ."

ಮೈಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಇಲ್ಲಿಗೂ ಬಂದರೇ? ಯಾರೋ ನಿವೃತ್ತ ಅಧಿಕಾರಿ, ಮನೆಯಲ್ಲಿ ಹೊತ್ತು ಹೋಗದೆ ಲೈಬ್ರರಿಗೆ ಬಂದು ಹಳೇ ಚಟ ತೀರಿಸಿಕೊಳ್ಳುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಕೆನ್ನೆಗೆ ಮಫ್ಲರ್ ಸುತ್ತಿದ ಅವನ ಮುಖವೂ ನನ್ನ ಕಣ್ಣಿಗೆ ಕಟ್ಟಿಬಿಟ್ಟಿತು. ಆದರೂ ಸಹಿಸಿಕೊಂಡೆ. ಏಕೆಂದರೆ ಆ ವಾರ ನನ್ನ ಕೈಯಲ್ಲಿ ಇನ್ನೊಂದು ಕಾದಂಬರಿ ಇತ್ತು, ಅದರ ಬಗ್ಗೆ ಬರೆಯದಿದ್ದರೆ ನಾನು ಸಿಡಿದುಹೋಗುತ್ತಿದ್ದೆ.

ಮೂವರು ಅಕ್ಕತಂಗಿಯರು, ಒಂದು ಹೊಲಿಗೆ ಮಷಿನ್ನು. ಅಮ್ಮ ಸತ್ತ ಮೇಲೆ ಮಷಿನ್ನು ಯಾರಿಗೆ ಎಂಬುದೇ ಕಥೆ. ಮೊದಲ ಅಧ್ಯಾಯದಲ್ಲಿ ಇದೇನು ಮಹಾ ಎನ್ನಿಸುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಆ ಮಷಿನ್ನಿನ ಪೆಡಲು ನಮ್ಮ ಕಾಲ ಕೆಳಗೇ ಇರುತ್ತದೆ. ಮೂವರೂ ಸರಿ, ಮೂವರೂ ಸುಳ್ಳಿಯರು. ಅದನ್ನು ನಾನು ಆಫೀಸಿನಿಂದ ಬರುವ ಬಸ್ಸಿನಲ್ಲಿ ಓದುತ್ತಿದ್ದೆ. ವಿಜಯನಗರ ಯಾವಾಗ ಬಂತೋ, ಯಾವಾಗ ಹೋಯಿತೋ ತಿಳಿಯಲಿಲ್ಲ. "ಮೇಡಂ, ಲಾಸ್ಟ್ ಸ್ಟಾಪ್, ಇಳೀರಿ" ಎಂದು ಕಂಡಕ್ಟರ್ ಬಂದು ಸೀಟು ಬಡಿದಾಗ ನೋಡಿದರೆ ಕೆಂಗೇರಿ ಉಪನಗರ. ಇಳಿದವಳು ಅಲ್ಲೇ ಕಟ್ಟೆಯ ಮೇಲೆ ಕೂತು ಉಳಿದ ಹದಿನಾಲ್ಕು ಪುಟ ಮುಗಿಸಿಯೇ ವಾಪಸ್ ಬಸ್ ಹತ್ತಿದೆ. ಕೊನೆ ಓದಿ ಮೈ ಜುಮ್ಮೆಂದಿತ್ತು. ಇದನ್ನೆಲ್ಲ ಎರಡು ಪುಟ ಬರೆದೆ, ಕೆಂಗೇರಿಯ ಸಮೇತ.

ಕೆಳಗೆ ಮತ್ತೆ: "ಅಡ್ಡಿ ಇಲ್ಲ."

ಮೂರನೆಯದು ಆ ವರ್ಷ ನನಗೆ ಅತ್ಯಂತ ಇಷ್ಟವಾದ ಕಾದಂಬರಿ. ಉತ್ತರದ ಯಾವುದೋ ಊರಿನಲ್ಲಿ ಜೋಳದ ರೊಟ್ಟಿ ಮಾರಿ ಬದುಕುವ ಹೆಂಗಸು. ಒಂದು ದೃಶ್ಯವಿದೆ: ಅವಳು ಹಂಚಿನ ಮೇಲೆ ರೊಟ್ಟಿ ಹಾಕುತ್ತಾಳೆ, ಆಗ ಹೊಸ್ತಿಲಲ್ಲಿ, ಹದಿಮೂರು ವರ್ಷ ಹಿಂದೆ ಬಿಟ್ಟುಹೋದ ಗಂಡ. ಅವಳು ತಿರುಗಿ ನೋಡುವುದಿಲ್ಲ. ಪೂರ್ತಿ ಎರಡು ಪುಟ ಅವಳ ಮನಸ್ಸಿನಲ್ಲಿ ಹಳೆಯದೆಲ್ಲ ಹಾದುಹೋಗುತ್ತದೆ, ಆಮೇಲೆ ರೊಟ್ಟಿ ಮಗುಚುತ್ತಾಳೆ. ನಾನು ಆ ಎರಡು ಪುಟವನ್ನು ಮೂರು ಸಲ ಓದಿದೆ. ರಿಜಿಸ್ಟರಿನಲ್ಲಿ ಮೂರೂವರೆ ಪುಟ ಬರೆದೆ. ಈಗಿನ ಕಾದಂಬರಿಗಳ ನಾಯಕಿಯರೆಲ್ಲ ಕಿಟಕಿ ಹೊರಗೆ ನೋಡುತ್ತಾ ಕೂರುತ್ತಾರೆ, ಇವಳೊಬ್ಬಳಿಗಾದರೂ ಕೈತುಂಬ ಕೆಲಸವಿದೆ ಎಂದು ಹೊಗಳಿದೆ. ಅಂಥ ಬರಹದ ಕೆಳಗೂ ಅದೇ ಎರಡು ಪದ ಬಿದ್ದಿದ್ದವು.

ಈ ಸಲ ತಡೆದುಕೊಳ್ಳಲಿಲ್ಲ. ಆಫೀಸಿನಲ್ಲಿ ಹದಿನೆಂಟು ವರ್ಷ ನುಂಗಿದ್ದನ್ನೆಲ್ಲ ಅಲ್ಲಿ ಕಾರಿಕೊಂಡೆ. "ನನ್ನ ಅಭಿಪ್ರಾಯಗಳ ಕೆಳಗೆ ಅಡ್ಡಿ ಇಲ್ಲ ಎಂದು ಷರಾ ಬರೆಯುತ್ತಿರುವ ಮಹನೀಯರ ಗಮನಕ್ಕೆ: ನಾನು ತಮ್ಮ ಅನುಮತಿಯನ್ನು ಕೋರಿಲ್ಲ. ಹೇಳಲು ಏನಾದರೂ ಇದ್ದರೆ ಹೇಳಿ. ಇಲ್ಲದಿದ್ದರೆ ದಯವಿಟ್ಟು ಈ ಪೆನ್ನು ಮುಟ್ಟಬೇಡಿ." ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದೆ. ಗೆದ್ದವಳ ಹಾಗೆ ಮನೆಗೆ ಬಂದೆ.

ಮುಂದಿನ ವಾರ ಏನೂ ಇರಲಿಲ್ಲ. ನಾನು ಇನ್ನೊಂದು ಕಾದಂಬರಿಯ ಬಗ್ಗೆ ಬರೆದೆ, ಅದರ ಕೆಳಗೂ ಏನೂ ಇಲ್ಲ. ಮೂರನೇ ವಾರ ಖಾಲಿ ಜಾಗ ನೋಡುತ್ತಾ ನಿಂತಾಗ ನನಗೇ ನಾಚಿಕೆಯಾಗುವಂಥ ಒಂದು ವಿಷಯ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ನಾನು ಓಡೋಡಿ ಬರುತ್ತಿದ್ದದ್ದು ಆ ಎರಡು ಪದ ನೋಡಲು. ಬೈಯಲಿಕ್ಕೇ ಇರಲಿ, ಊರಿನಲ್ಲಿ ಒಬ್ಬರಾದರೂ ನಾನು ಬರೆದದ್ದನ್ನು ಓದುತ್ತಿದ್ದರು. ಅವರನ್ನು ನಾನೇ ಓಡಿಸಿದ್ದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ನಾಲ್ಕನೇ ಭಾನುವಾರ ಲೈಬ್ರೇರಿಯನ್ನರ ಮೇಜಿನ ಮುಂದೆ ನಿಂತೆ.

"ಸಾರ್, ಇಲ್ಲಿ ಅಡ್ಡಿ ಇಲ್ಲ ಅಂತ ಬರೀತಾ ಇದ್ರಲ್ಲ, ಆ ಯಜಮಾನ್ರು ಬರ್ತಾ ಇಲ್ವಾ?"

"ಯಜಮಾನ್ರಾ?" ಅವರು ನಕ್ಕೇಬಿಟ್ಟರು. "ಆಯಮ್ಮ ಹಿಂದಿನ ರಸ್ತೆ ಖಾನಾವಳೀಲಿ ರೊಟ್ಟಿ ಮಾಡ್ತಾರೆ ಮೇಡಂ. ಬಾಗಲಕೋಟೆ ಕಡೆಯೋರು. ದಿನಾ ಮಧ್ಯಾಹ್ನ ಮೂರೂವರೆಗೆ ಬರೋರು, ಒಂದು ಗಂಟೆ ಕೂತು ಹೋಗೋರು. ನೀವು ಬರೆದಿದ್ದು ನೋಡಿದ ಮೇಲೆ ಬರೋದು ಬಿಟ್ರು."

ನಾನು ರಿಜಿಸ್ಟರಿನ ಕಡೆ ತಿರುಗಿ ನೋಡಿದೆ. ಅವರು ಇನ್ನೂ ಮೆಲ್ಲಗೆ ಹೇಳಿದರು: "ಅವ್ರ ಕಡೆ ಅಡ್ಡಿ ಇಲ್ಲ ಅಂದ್ರೆ ಚೆನ್ನಾಗಿದೆ ಅಂತ ಮೇಡಂ. ನಾವು ಪರವಾಗಿಲ್ವೇ ಅಂತೀವಲ್ಲ, ಹಂಗೆ. ನಾನು ಹುಬ್ಬಳ್ಳೀಲಿ ನಾಲ್ಕು ವರ್ಷ ಇದ್ದೆ, ನಂಗೊತ್ತು."

"ಮತ್ತೆ ನಂಗೆ ಯಾಕೆ ಹೇಳಲಿಲ್ಲ ಸಾರ್?"

"ನೀವು ಕೇಳ್ಲಿಲ್ವಲ್ಲ. ಎರಡು ಗೆರೆ ಬೇರೆ ಎಳೆದಿದ್ರಿ."

ನೆಲ ಬಾಯಿಬಿಡಬಾರದೇ ಎನ್ನಿಸಿತು. ಪೆನ್ನು ಮುಟ್ಟಬೇಡಿ ಎಂದು ಬರೆದಿದ್ದೆನಲ್ಲ! ನನ್ನ ಮೇಲಧಿಕಾರಿಗಳು ಕೂಡ ಇಷ್ಟು ವರ್ಷದಲ್ಲಿ ನನಗೆ ಅಂಥ ಮಾತು ಆಡಿರಲಿಲ್ಲ. ನಾನು ಪುಸ್ತಕದ ಬ್ಯಾಗು ಹೆಗಲಿಗೇರಿಸಿ ಹಾಗೆಯೇ ಹಿಂದಿನ ರಸ್ತೆಗೆ ನಡೆದೆ.

ಖಾನಾವಳಿಯ ಹಿಂಬದಿಯಲ್ಲಿ, ತಗಡಿನ ಚಾವಣಿ ಕೆಳಗೆ, ಅವರು ರೊಟ್ಟಿ ಬಡಿಯುತ್ತಿದ್ದರು. ನನ್ನದೇ ವಯಸ್ಸಿರಬೇಕು, ನಲವತ್ತೆರಡು ನಲವತ್ಮೂರು. ಹಣೆತುಂಬ ಕುಂಕುಮ, ಮೊಣಕೈವರೆಗೂ ಹಿಟ್ಟು. ಎರಡೂ ಅಂಗೈಯಲ್ಲಿ ತಟ್ಟುತ್ತಾ ತಿರುಗಿಸುತ್ತಿದ್ದ ರೊಟ್ಟಿ ನಾನು ನೋಡನೋಡುತ್ತಿದ್ದಂತೆ ತಟ್ಟೆಯಗಲ ಆಯಿತು.

"ಲೈಬ್ರರೀಲಿ ಅಡ್ಡಿ ಇಲ್ಲ ಅಂತ ಬರೀತಾ ಇದ್ದಿದ್ದು ನೀವೇನಾ?" ಅಂದೆ.

ಅವರ ಕೈ ನಿಂತಿತು. "ತಪ್ಪಾತ್ರಿ ಅಕ್ಕಾರ" ಅಂದರು ಗಾಬರಿಯಿಂದ. "ಇನ್ನ ಬರಿಯಾಂಗಿಲ್ರಿ. ಆ ಪೆನ್ನ ನಿಮ್ಮದಂತ ನನಗ ಗೊತ್ತಿದ್ದಿಲ್ಲ."

ನನಗೆ ಅಳು ಬಂತು. ಅಲ್ಲೇ, ಹೊಗೆಯಲ್ಲಿ ನಿಂತು, ಆಫೀಸಿನಲ್ಲಿ ಯಾರು ಯಾರಿಗೆ ಯಾಕೆ ಅಡ್ಡಿಯಿಲ್ಲ ಎಂದು ಬರೆಯುತ್ತಾರೆ, ನಾನು ಏನು ಅಂದುಕೊಂಡೆ, ಮಫ್ಲರ್ ಸುತ್ತಿದ ಮುದುಕನ ಸಮೇತ ಎಲ್ಲ ಒದರಿದೆ. ಕೇಳುತ್ತಾ ಕೇಳುತ್ತಾ ಅವರ ಹುಬ್ಬು ಇಳಿಯಿತು. ಮುದುಕನ ವಿಷಯ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಮ್ಮ ಕಡೆ ಭಾಳ ಹೊಗಳೂದಿಲ್ರಿ ಅಕ್ಕಾರ. ದೃಷ್ಟಿ ತಾಕ್ತದ. ಅಡ್ಡಿ ಇಲ್ಲ ಅಂದ್ರ ಸಾಕ, ಎಲ್ಲಾ ಬಂತು."

"ಅಂದ್ರೆ ಆ ರೊಟ್ಟಿ ಕಾದಂಬರಿ ನಿಮಗೂ ಇಷ್ಟ ಆಯ್ತಾ?" ನನಗೆ ತಕ್ಷಣ ಜೀವ ಬಂದಿತ್ತು. ಕ್ಷಮೆ ಕೇಳಲು ಬಂದವಳು ಎಂಬುದೇ ಮರೆತುಹೋಗಿತ್ತು.

"ಕಾದಂಬರಿ ಯಾರ್ ಓದ್ಯಾರ್ರಿ? ನಾ ನೀವು ಬರದಿದ್ದನ್ನ ಅಡ್ಡಿ ಇಲ್ಲ ಅಂದದ್ದು." ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಕ್ಷಣ ಮಗುಚಿದರು. "ಒಂದು ಮಾತ ಕೇಳ್ಲೇನ್ರಿ? ಆಕಿ ಎರಡ ಪುಟ ಯೋಚನಿ ಮಾಡ್ತಾಳ, ಆಮ್ಯಾಲೆ ರೊಟ್ಟಿ ಮಗಚತಾಳ ಅಂತ ನೀವು ಬರದ್ರಿ. ಅಷ್ಟೊತ್ತಿಗೆ ರೊಟ್ಟಿ ಕರಕಲ ಆಗಿರ್ತದಲ್ರಿ? ಗಂಡ ಬರ್ಲಿ, ಯಮ ಬರ್ಲಿ, ರೊಟ್ಟಿ ಮಗಚೂ ಹೊತ್ತಿಗೆ ಕೈ ತಾನ ಮಗಚ್ತದ. ಮನಸು ಎಲ್ಲ್ಯಾರ ಇರ್ಲಿ."

ಮೂರು ಸಲ ಓದಿದ್ದೆನಲ್ಲ, ಒಂದು ಸಲವೂ ರೊಟ್ಟಿಯ ಕಡೆ ನೋಡಿರಲಿಲ್ಲ. ಆಹಾ, ಎಂಥ ಮಾತು! ಲೇಖಕರ ಮನೆ ಗೊತ್ತಿದ್ದರೆ ಅಲ್ಲಿಗೇ ಓಡಿಹೋಗಿ ಹೇಳುತ್ತಿದ್ದೆ. "ಇದನ್ನ ಯಾಕೆ ಬರೀಲಿಲ್ಲ ನೀವು? ಆ ಕಾದಂಬರಿ ಓದಿದ್ರೆ ಇನ್ನೆಷ್ಟು ಹೇಳ್ತಿದ್ರಿ! ಯಾಕೆ ಓದಲಿಲ್ಲ?"

"ಹೆಂಗ ಓದೂದ್ರಿ? ಮನೀಗೆ ಒಯ್ಯಾಕ ಕಾರ್ಡ್ ಬೇಕಂತ. ಕಾರ್ಡಿಗೆ ಮನಿ ಕಾಗದ ಬೇಕಂತ. ನಾವು ಹೆಗ್ಗನಹಳ್ಳ್ಯಾಗ ಒಂದ ಖೋಲ್ಯಾಗ ಇರೂ ಮಂದಿ. ಅಲ್ಲೇ ಕೂತು ಇಪ್ಪತ್ತ ಪುಟ ಓದಿ ಇಟ್ಟು ಬರ್ತೀನಿ, ಮರುದಿನ ಹೋದ್ರ ಅದನ್ನ ಯಾರೋ ಮನೀಗೆ ಒಯ್ದಿರ್ತಾರ. ಮೂರ್ ನಾಕ್ ಸರ್ತಿ ಹಂಗಾತು. ಅದಕ ಪುಸ್ತಕ ಬಿಟ್ಟು ನಿಮ್ಮ ರಿಜಿಸ್ಟರ ಓದಾಕ ಹತ್ತಿದೆ. ಒಂದ ತಾಸಿನ್ಯಾಗ ಒಂದು ಕಾದಂಬರಿ ಮುಗೀತದ."

ಆ ಯಾರೋ ನಾನೇ. ಲೈಬ್ರರಿಗೆ ಹೊಸ ಕಾದಂಬರಿ ಬಂತೆಂದರೆ ಮೊದಲು ಎತ್ತಿಕೊಂಡು ಹೋಗುತ್ತಿದ್ದವಳು ನಾನೇ. ಅದನ್ನು ಹೇಳಿದರೆ ಅವರು ಏನೆನ್ನುತ್ತಾರೋ ಎಂಬ ಅಂಜಿಕೆಯಲ್ಲೇ ಹೇಳಿದೆ. ಅವರು ಕೈ ಒರೆಸಿಕೊಂಡು, ನನ್ನ ಹತ್ತಿರ ಬಂದು, ಎಷ್ಟೋ ದಿನದಿಂದ ಕಾದುಕೊಂಡಿದ್ದವರ ಹಾಗೆ ಕೇಳಿದರು:

"ಹಂಗಾರ ಹೇಳ್ರಿ. ಆ ಹೊಲಿಗಿ ಮಷಿನ್ ಕಡೀಗೆ ಯಾರಿಗೆ ಹೋತು?"

ನನ್ನ ನಿಯಮದ ಬಗ್ಗೆ ನನಗಿದ್ದ ಹೆಮ್ಮೆಯೆಲ್ಲ ಅಲ್ಲೇ ಸುಟ್ಟುಹೋಯಿತು. "ಮುಂದೇನಾಯಿತು ಎಂಬುದನ್ನು ನೀವೇ ಓದಿ" ಎಂದು ಪ್ರತಿ ಸಲ ಜಂಬದಿಂದ ಬರೆಯುತ್ತಿದ್ದೆ. ಓದಲು ದಾರಿಯೇ ಇಲ್ಲದ ಒಬ್ಬರು ಪ್ರತಿ ಸಲ ಅದನ್ನು ಓದಿ, ಅಷ್ಟಾದರೂ ಕೆಳಗೆ ಮೆಚ್ಚುಗೆ ಬರೆದು, ರೊಟ್ಟಿ ಬಡಿಯಲು ವಾಪಸ್ ಹೋಗುತ್ತಿದ್ದರು. ಕೊನೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕಣ್ಣು ನೋಡಿದ ಮೇಲೆ ಒಂದು ಸಾಲಿನಲ್ಲಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ.

"ಹೇಳಲ್ಲ" ಅಂದೆ. "ಕೈ ತೊಳ್ಕೊಳ್ಳಿ. ನನ್ ಜೊತೆ ಬನ್ನಿ."

ಖಾನಾವಳಿಯ ಯಜಮಾನರಿಂದ ಅರ್ಧ ಗಂಟೆ ಬಿಡುವು ಕೇಳಿಕೊಂಡು ಇಬ್ಬರೂ ಲೈಬ್ರರಿಗೆ ಬಂದೆವು. ವಿಳಾಸದ ಕಾಗದ ಇಲ್ಲದವರಿಗೆ ಸರ್ಕಾರಿ ನೌಕರರೊಬ್ಬರು ಖಾತರಿ ಸಹಿ ಹಾಕಿದರೂ ಸಾಕು ಎಂಬುದು ಆ ಫಾರಂನ ಹಿಂಬದಿಯಲ್ಲೇ ಇತ್ತು. ಇಲ್ಲಿಯವರೆಗೆ ಅದನ್ನು ಕೇಳಿದವರು ಯಾರೂ ಇರಲಿಲ್ಲವಂತೆ. ಹದಿನೆಂಟು ವರ್ಷದ ನೌಕರಿಯಲ್ಲಿ ಅಷ್ಟು ಖುಷಿಯಿಂದ ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಹಸಿರು ಕಾರ್ಡು ಕೈಗೆ ಬಂದಾಗ ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ರವಿಕೆಯೊಳಗೆ ಇಟ್ಟುಕೊಂಡರು. ಹೊಲಿಗೆ ಮಷಿನ್ನಿನ ಕಾದಂಬರಿಯನ್ನು ಲೈಬ್ರೇರಿಯನ್ನರು ತಾವೇ ಎದ್ದು ಹೋಗಿ ಕಪಾಟಿನಿಂದ ತಂದುಕೊಟ್ಟರು.

ಆ ವಾರ ನಾನು ಆಫೀಸಿನಲ್ಲಿ ಕೂತಿದ್ದೆನೋ ನಿಂತಿದ್ದೆನೋ ಗೊತ್ತಿಲ್ಲ. ಈಗ ಎಷ್ಟನೇ ಪುಟದಲ್ಲಿರಬಹುದು? ನಡುವಿನವಳು ಕತ್ತರಿ ಬಚ್ಚಿಡುವ ಜಾಗ ಬಂತೇ? ದೊಡ್ಡವಳ ಸುಳ್ಳು ಗೊತ್ತಾಯಿತೇ? ಕೊನೆ ಓದಿದಾಗ ಅವರಿಗೂ ಮೈ ಜುಮ್ಮೆನ್ನುತ್ತದೆ, ಭಾನುವಾರ ಬಂದು ಇಬ್ಬರೂ ಒಟ್ಟಿಗೆ ಕೂತು ಹೊಗಳುತ್ತೇವೆ ಎಂದು ಲೆಕ್ಕ ಹಾಕಿದ್ದೆ. ನಮ್ಮ ಯಜಮಾನರು "ಏನೇ, ಮಗಳ ರಿಸಲ್ಟ್ ಬರೋ ಹಂಗೆ ಓಡಾಡ್ತಿದೀಯ" ಅಂದರು.

ಭಾನುವಾರ ಅವರು ನನಗಿಂತ ಮೊದಲೇ ಬಂದಿದ್ದರು. ಕಾದಂಬರಿ ಮಡಿಲಲ್ಲಿತ್ತು, ಮುಖ ಗಂಭೀರವಾಗಿತ್ತು.

"ಹೇಗಿತ್ತು?" ನನಗೆ ಕೂರುವಷ್ಟೂ ತಾಳ್ಮೆ ಇರಲಿಲ್ಲ.

ಅವರು ಕಾದಂಬರಿಯ ರಟ್ಟು ಸವರಿದರು. ನನಗೆ ಬೇಜಾರಾಗಬಾರದು ಎಂದು ಮಾತು ಹುಡುಕುತ್ತಿದ್ದರು ಎಂದು ಕಾಣುತ್ತದೆ. "ನೀವು ಬರದದ್ದ ಚಲೋ ಇತ್ರಿ ಅಕ್ಕಾರ. ಕಾದಂಬರಿ ಅಷ್ಟಿಲ್ಲ."

"ಏನು? ಯಾಕೆ?"

"ಕಡೀಗೆ ಮೂರೂ ಮಂದಿ ಕೂಡಿ ಮಷಿನ್ ಒಯ್ದು ಬಾವಿಗೆ ಹಾಕ್ತಾರಲ್ರಿ. ಹೊಟ್ಟಿಗೆ ಅನ್ನ ಕೊಟ್ಟ ಮಷಿನ್. ಯಾವ ಹೆಂಗಸೂ ಹಾಕೂದಿಲ್ರಿ. ಬರದಾವ್ರಿಗೆ ಕಡೀಗೆ ಏನ್ ಮಾಡಬೇಕು ಅಂತ ತಿಳಿದಿಲ್ಲ, ಅದಕ ಬಾವಿಗೆ ಹಾಕ್ಯಾರ."

ಕೆಂಗೇರಿಯ ಕಟ್ಟೆಯ ಮೇಲೆ ಕೂತು ಮೈ ಜುಮ್ಮೆನ್ನಿಸಿಕೊಂಡ ಕೊನೆ ಅದು! ನನಗೆ ರೋಷ ಉಕ್ಕಿತು. "ಅದು ಮಷಿನ್ ಅಲ್ಲ ಕಣ್ರೀ, ಜಗಳಾನ ಬಾವಿಗೆ ಹಾಕೋದು ಅದು!" ಅಂದೆ.

"ಜಗಳ ಹಾಕ್ಲಿ ಬಿಡ್ರಿ. ಮಷಿನ್ ಮಾರಿ ರೊಕ್ಕ ಹಂಚಗೋಬೇಕಿತ್ತು."

"ಹಂಚ್ಕೊಂಡ್ರೆ ಮತ್ತೆ ಜಗಳ ಶುರು ಆಗಲ್ವಾ?"

"ಆಗ್ಲಿ. ಆಗಬೇಕು. ಅಕ್ಕತಂಗೇರ ಜಗಳ ಎಲ್ಲಿ ಮುಗೀತದ್ರಿ? ಮುಗಿದ್ರ ಅವರು ಅಕ್ಕತಂಗೇರ ಅಲ್ಲ."

ಲೈಬ್ರೇರಿಯನ್ನರು "ಸೈಲೆನ್ಸ್ ಪ್ಲೀಸ್" ಎಂದು ಮೇಜು ತಟ್ಟಿದರು. ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಅವರ ಕಣ್ಣಲ್ಲಿ ಹಟವಿತ್ತು, ಸೋಲುವ ಹೆಂಗಸಲ್ಲ. ನಾನು ಬ್ಯಾಗು ಕೆಳಗಿಟ್ಟು, ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ.

"ಯಾವ ಪುಟ?" ಅಂದೆ. "ತೆಗೀರಿ."